ಒಂದು ಸಲ ಒತ್ತಿದೆನೋ, ಎರಡು ಸಲವೋ

ನನ್ನ ಕೈಗೆ ಬುದ್ಧಿಯಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ದೂರಬಾರದು. ಮೂವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡುತ್ತಿದ್ದೇನೆ; ಈ ಕೈ ತಲೆಯನ್ನು ಕೇಳಿ ಕೆಲಸ ಮಾಡುವುದನ್ನು ಬಿಟ್ಟು ಇಪ್ಪತ್ತೈದು ವರ್ಷವಾದರೂ ಆಗಿರಬೇಕು. ಅದರಿಂದ ಅನುಕೂಲವೇ ಹೆಚ್ಚು. ಆದರೆ ಆ ಸೋಮವಾರ ಅದು ಮಾಡಿದ ಘನಕಾರ್ಯಕ್ಕೆ ನಾನು ಮೂರು ದಿನ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ.

ಅಂಗಡಿ ನಮ್ಮ ಮಾವನವರದು. ಅವರ ಮಗ, ಅಂದರೆ ನನ್ನ ಗಂಡ, ಈ ಸಣ್ಣ ತಿರುಪುಗಳ ಸಹವಾಸ ಹಿಡಿಸದೆ ಬಸ್ಸು ಓಡಿಸಲು ಹೋದರು. ಕಲಿಯುವ ಚಪಲವಿದ್ದವಳು ಸೊಸೆ, ಮಾವ ಅವಳಿಗೇ ಕಲಿಸಿದರು. ಈಗ ಅವರ ಕೈ ನಡುಗುತ್ತದೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಪೇಪರ್ ಓದುತ್ತಾ, ನಡುನಡುವೆ ನನ್ನ ಕೆಲಸದಲ್ಲಿ ತಪ್ಪು ಹುಡುಕುವುದು ಅವರ ಸದ್ಯದ ಉದ್ಯೋಗ. ಅವರು ನನಗೆ ಕಲಿಸಿದ ಮೊದಲ ಪಾಠ ಇದು: "ಓಟದ ಹೊತ್ತು ಅಳೆಯೋ ವಾಚು ಕೈಗೆ ಬಂತಾ, ಮೊದಲು ಮುಳ್ಳನ್ನ ಸೊನ್ನೆಗೆ ತಾ. ಆಮೇಲೆ ಕೀಲಿ ಕೊಡು. ಅದಾದ ಮೇಲೆ ಬೇಕಾದ್ರೆ ಗಿರಾಕಿ ಹತ್ರ ಮಾತಾಡು." ಆ ಪಾಠ ನನ್ನ ಬೆರಳಿಗೆ ಇಳಿದುಹೋಗಿದೆ.

ನಮ್ಮ ಗಿರಾಕಿಗಳಲ್ಲಿ ಒಬ್ಬ ಹಲ್ಲಿನ ಡಾಕ್ಟರಿದ್ದಾರೆ. ಗಂಟೆ ತೋರಿಸುವುದರ ಜೊತೆಗೆ ಓಟದ ಹೊತ್ತನ್ನೂ ಅಳೆಯುವ ಹಳೆಯ ವಾಚು ಕೂಡಿಡುವ ಹುಚ್ಚು. ಅದರಲ್ಲೂ ಒಂದೇ ಗುಂಡಿಯವು ಮಾತ್ರ. ಎರಡು ಗುಂಡಿಯದನ್ನು ಮೂಸಿಯೂ ನೋಡುವುದಿಲ್ಲ. ಎರಡು ಗುಂಡಿಯದಾದರೆ ಒಂದರಿಂದ ಓಟದ ಮುಳ್ಳನ್ನು ಓಡಿಸಬಹುದು, ನಿಲ್ಲಿಸಬಹುದು, ನಿಂತಲ್ಲಿಂದ ಮತ್ತೆ ಓಡಿಸಬಹುದು. ಇನ್ನೊಂದರಿಂದ ಸೊನ್ನೆಗೆ ತರಬಹುದು. ಒಂದೇ ಗುಂಡಿಯದಕ್ಕೆ ಅಂಥ ಔದಾರ್ಯವಿಲ್ಲ. ಮೊದಲ ಸಲ ಒತ್ತಿದರೆ ಮುಳ್ಳು ಓಡುತ್ತದೆ, ಎರಡನೆಯ ಸಲಕ್ಕೆ ನಿಲ್ಲುತ್ತದೆ, ಮೂರನೆಯ ಸಲಕ್ಕೆ ಸೊನ್ನೆಗೆ ಹಾರುತ್ತದೆ. ನಿಲ್ಲಿಸಿದ್ದನ್ನು ಮುಂದುವರಿಸುವ ಮಾತೇ ಇಲ್ಲ. "ಹಲ್ಲು ಕಿತ್ತ ಹಾಗೆ ಕಣಮ್ಮ, ಕಿತ್ತರೆ ಕಿತ್ತ ಹಾಗೇ," ಎಂದು ಡಾಕ್ಟರು ಈ ಗುಣವನ್ನೇ ಹೊಗಳುತ್ತಾರೆ.

ಅವರಿಗೆ ಎರಡು ವಾಚು ಕಣ್ಣಿಗೆ ಬಿದ್ದಿದ್ದವು, ಕೊಳ್ಳುವುದು ಒಂದನ್ನು. ಯಾವುದು ಮೇಲು ಎಂದು ಹೋಲಿಸಿ ಬರೆದುಕೊಡು ಅಂತ ಎರಡನ್ನೂ ನನಗೆ ಕಳಿಸಿದ್ದರು. ಮೊದಲನೆಯದು ಒಬ್ಬ ವ್ಯಾಪಾರಿಯದು, ಇಷ್ಟು ದಿನ ಬ್ಯಾಂಕಿನ ಲಾಕರಿನಲ್ಲಿದ್ದದ್ದು. ಕೀಲಿ ಕೊಡುವ ತಿರುಪಿನ ನೆತ್ತಿಯ ಮೇಲೇ ಅದರ ಗುಂಡಿ. ಎರಡನೆಯದು ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿರುವ ಒಬ್ಬರದು, ತೀರಿಹೋದ ಅವರ ತಂದೆಯ ವಾಚು. ಅದರ ಗುಂಡಿ ಬೇರೆಯಾಗಿ, ಎರಡು ಗಂಟೆಯ ಜಾಗದಲ್ಲಿ ಹೊರಚಾಚಿತ್ತು. ಸೋಮವಾರ ಎರಡೂ ಡಬ್ಬಿ ಬಂದವು. ಮೊದಲನೆಯದನ್ನು ಬಿಚ್ಚಿ ನೋಡುತ್ತಿದ್ದೆ, ಅಷ್ಟರಲ್ಲಿ ಡಾಕ್ಟರು ಫೋನ್ ಮಾಡಿದರು. ಅವರದು ಹಲ್ಲು ಕೊರೆಯುವ ಹಾಗೆ ಕೊರೆಯುವ ಮಾತು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು "ಹೂಂ ಸಾರ್, ಹೂಂ ಸಾರ್" ಎನ್ನುತ್ತಲೇ ಎರಡನೆಯ ಡಬ್ಬಿ ಬಿಚ್ಚಿದೆ. ಫೋನ್ ಇಟ್ಟು ನೋಡುತ್ತೇನೆ, ಎರಡನೆಯ ವಾಚಿನ ಓಟದ ಮುಳ್ಳುಗಳು ಸೊನ್ನೆಯಲ್ಲಿದ್ದವು, ನನ್ನ ಹೆಬ್ಬೆರಳು ಗುಂಡಿಯ ಮೇಲಿತ್ತು. ಕೀಲಿ ಕೊಟ್ಟೆ, ನಡೆಯತೊಡಗಿತು; ಗುಂಡಿ ಒತ್ತಿ ಓಡಿಸಿ, ನಿಲ್ಲಿಸಿ, ಮತ್ತೆ ಸೊನ್ನೆಗೆ ತಂದು ನೋಡಿದೆ. ಎಲ್ಲಾ ಸರಿಯಿದೆ ಎಂದು ಊಟಕ್ಕೆ ಹೋದೆ.

ಮಂಗಳವಾರ ಬೆಳಿಗ್ಗೆ ಒಬ್ಬ ಹೆಂಗಸಿನ ಫೋನ್ ಬಂತು. ಪ್ರೆಸ್ಸಿನವರ ತಂಗಿಯಂತೆ, ಶಾಲೆಯೊಂದರಲ್ಲಿ ಆಟದ ಟೀಚರು.

"ನಮ್ಮಣ್ಣ ನನ್ನ ಒಂದು ಮಾತು ಕೇಳದೆ ಅಪ್ಪನ ವಾಚು ಕೊಟ್ಟುಬಿಟ್ಟಿದ್ದಾನೆ," ಅಂದಳು. "ಅದರ ಗುಂಡಿ ಮಾತ್ರ ಒತ್ತಬೇಡಿ. ಒತ್ತಿಲ್ಲ ತಾನೇ?"

ನನ್ನ ಬಾಯಿಗೂ ಬುದ್ಧಿಯಿಲ್ಲ ಎಂದು ಆಗ ಗೊತ್ತಾಯಿತು. "ಇಲ್ಲಮ್ಮ, ಡಬ್ಬಿಯನ್ನೇ ಇನ್ನೂ ಬಿಚ್ಚಿಲ್ಲ," ಅಂದೆ.

ಅವಳು ಉಸಿರು ಬಿಟ್ಟದ್ದು ಫೋನಿನಲ್ಲಿ ಕೇಳಿಸಿತು. ಆಮೇಲೆ, ನಾನು ಕೇಳದೆಯೇ, ಎಲ್ಲವನ್ನೂ ಹೇಳಿದಳು. ಅವಳು ಎಂಟುನೂರು ಮೀಟರ್ ಓಡುತ್ತಿದ್ದವಳು, ಅಪ್ಪನೇ ಅವಳ ಕೋಚು. ಹತ್ತೊಂಬತ್ತು ವರ್ಷದ ಹಿಂದೆ ಒಂದು ಪಂದ್ಯದಲ್ಲಿ ಅವಳು ಗೆರೆ ದಾಟಿ, ನಾಲ್ಕು ಹೆಜ್ಜೆ ಮುಂದಕ್ಕೋಡಿ, ತಿರುಗಿ ನೋಡುವಷ್ಟರಲ್ಲಿ ಅಪ್ಪ ಕುಸಿದು ಬಿದ್ದಿದ್ದರು. ಹೃದಯ ನಿಂತುಹೋಗಿತ್ತು, ಮತ್ತೆ ಏಳಲಿಲ್ಲ. ವಾಚು ಕೈಯಲ್ಲೇ ಇತ್ತು. ಅದನ್ನು ಅಣ್ಣ ತಂದು ಕಿಟಕಿಯ ಎದುರಿನ ಗಾಜಿನ ಬೀರುವಿನಲ್ಲಿ ಇಟ್ಟ.

"ನಾನು ದಾಟಿದ್ದನ್ನ ಅಪ್ಪ ನೋಡಿದ್ರೋ ಇಲ್ವೋ, ಅದೊಂದು ನನಗೆ ಗೊತ್ತಾಗಬೇಕು," ಅಂದಳು. "ನೋಡಿದ್ರೆ ಒತ್ತಿ ನಿಲ್ಲಿಸಿರ್ತಾರೆ. ನನ್ನ ಸಮಯ ಎರಡು ನಿಮಿಷ ಹನ್ನೊಂದು ಸೆಕೆಂಡು, ಪಂದ್ಯದ ಪಟ್ಟಿಯಲ್ಲೇ ಇದೆ. ವಾಚಲ್ಲೂ ಅದೇ ಇದ್ರೆ ಅಪ್ಪ ಕೊನೇವರೆಗೂ ನಿಂತಿದ್ರು ಅಂತ. ಇಲ್ಲದಿದ್ರೆ ಇಲ್ಲ."

"ಇಷ್ಟು ವರ್ಷ ನೋಡಲಿಲ್ವಾ?"

"ಧೈರ್ಯ ಬರಲಿಲ್ಲ. ಅಣ್ಣನ ಮನೆಗೆ ಹೋದ್ರೆ ಆ ಬೀರುಗೆ ಬೆನ್ನು ಮಾಡಿ ಕೂರ್ತೀನಿ. ಅವನನ್ನ ಕೇಳಿದ್ರೆ 'ಮುಳ್ಳು ಎಲ್ಲೋ ನಿಂತಿದೆ ಕಣೇ' ಅಂತಾನೆ. ಅವನಿಗೆ ಅದನ್ನ ಓದೋಕೂ ಬರಲ್ಲ. ಈಗ ಮಾರಿಹೋಗುತ್ತೆ ಅಂದಾಗ ನೋಡಲೇಬೇಕು ಅನಿಸ್ತು. ಗುರುವಾರ ಮಧ್ಯಾಹ್ನ ಶಾಲೆ ರಜ, ಬರ್ತೀನಿ."

ಫೋನ್ ಇಟ್ಟೆ. ಮುಳ್ಳು ಎಲ್ಲಿ ನಿಂತಿತ್ತೋ ನಾನು ನೋಡಿರಲಿಲ್ಲ. ಅದು ಹೋಗಲಿ, ಸೊನ್ನೆಗೆ ತರಲು ಒಂದು ಸಲ ಒತ್ತಿದೆನೋ ಎರಡು ಸಲವೋ? ಕೋಚು ಅದನ್ನು ನಿಲ್ಲಿಸಿದ್ದರೆ ನನ್ನ ಒಂದು ಒತ್ತಿಗೇ ಮುಳ್ಳು ಸೊನ್ನೆಗೆ ಹಾರಿರಬೇಕು. ನಿಲ್ಲಿಸದೆ ಬಿದ್ದಿದ್ದರೆ ವಾಚು ಕೀಲಿ ಮುಗಿಯುವ ತನಕ ಓಡಿ ಎಲ್ಲೋ ತಾನಾಗಿ ನಿಂತಿರುತ್ತದೆ. ಆಗ ನಿಲ್ಲಿಸಲು ಒಂದು, ಸೊನ್ನೆಗೆ ತರಲು ಇನ್ನೊಂದು, ಎರಡು ಸಲ ಒತ್ತಬೇಕಾಗುತ್ತದೆ. ಆ ಹುಡುಗಿ ಕೇಳುವ ಪ್ರಶ್ನೆಗೆ ಉತ್ತರ ನನ್ನ ಹೆಬ್ಬೆರಳಲ್ಲೇ ಇತ್ತು. ಹೆಬ್ಬೆರಳು ಮಾತಾಡಲೊಲ್ಲದು.

ಅಲ್ಲಿಂದ ಶುರುವಾಯಿತು ನನ್ನ ಪಾಡು. ಫೋನ್ ಕಿವಿಗೆ ಸಿಕ್ಕಿಸಿಕೊಂಡು, ಅದೇ ಕುರ್ಚಿಯಲ್ಲಿ ಕೂತು, "ಹೂಂ ಸಾರ್" ಎನ್ನುತ್ತಾ ಬೇರೆ ವಾಚೊಂದನ್ನು ಒತ್ತಿ ನೋಡಿದೆ. ಒಂದು ಸಲ ಅನಿಸಿತು. ಮತ್ತೆ ಮಾಡಿದೆ, ಎರಡು ಸಲ ಅನಿಸಿತು. ಪೆನ್ನು ಸಿಕ್ಕರೆ ಅದರ ತುದಿ ಒತ್ತುವೆ. ಮನೆಯಲ್ಲಿ ಅಡುಗೆಮನೆಯ ದೀಪದ ಸ್ವಿಚ್ಚನ್ನು ಒತ್ತಿ ಒತ್ತಿ ನಿಂತಿದ್ದೆ. ಬಸ್ಸಿನ ಡ್ಯೂಟಿ ಮುಗಿಸಿ ಬಂದ ನನ್ನ ಗಂಡ, "ಆ ದೀಪ ನಿನಗೇನು ಅನ್ಯಾಯ ಮಾಡಿತ್ತು?" ಎಂದರು. ನಾನು ಅನ್ನ ಬಡಿಸಿದೆ, ಸಾರು ಬಡಿಸುವುದನ್ನು ಮರೆತೆ.

ಮಾವನಿಂದ ಏನನ್ನೂ ಮುಚ್ಚಿಡಲಾಗುವುದಿಲ್ಲ. ಮಂಗಳವಾರ ಸಂಜೆಯೇ ಎಲ್ಲ ಹೇಳಿಸಿಕೊಂಡರು.

"ನೀವಾದ್ರೂ ನೋಡಿದ್ರಾ ಮಾವ, ನಾನು ಎಷ್ಟು ಸಲ ಒತ್ತಿದ್ದು?"

"ನಾನು ನಿದ್ದೆ ಹೊಡೀತಿದ್ದೆ."

"ಪೇಪರ್ ಓದ್ತಾ ಇದ್ರಿ."

"ಅದನ್ನೇ ನಾನೂ ಹೇಳಿದ್ದು." ಮಸೂರ ತೆಗೆದು ಕಣ್ಣುಜ್ಜಿಕೊಂಡರು. "ಒತ್ತಿದ್ದು ತಪ್ಪಲ್ಲಮ್ಮ. ಹಾಗೆ ಮಾಡು ಅಂತ ಕಲಿಸಿದವನು ನಾನೇ. ಬಿಚ್ಚೇ ಇಲ್ಲ ಅಂದ್ಯಲ್ಲ, ಅದನ್ನ ನಾನು ಕಲಿಸಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ."

ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅವರ ಮಾತು ನಿಜವಾಗಿದ್ದಕ್ಕೆ. ಎರಡು ನಿಮಿಷ ಹನ್ನೊಂದು ಸೆಕೆಂಡಿತ್ತು ಎಂದು ಹೇಳಿಬಿಟ್ಟರೆ ಆಯಿತಲ್ಲ, ಆ ಹುಡುಗಿಗೂ ನೆಮ್ಮದಿ, ನನಗೂ ನೆಮ್ಮದಿ ಎಂದು ಯೋಚಿಸಿದ್ದೂ ಉಂಟು. ವಾಚನ್ನು ಓಡಿಸಿ ಎರಡು ಹನ್ನೊಂದಕ್ಕೆ ನಿಲ್ಲಿಸಿ ಇಡಲು ನನಗೆ ಎಷ್ಟು ಹೊತ್ತು? ಎರಡು ನಿಮಿಷ ಹನ್ನೊಂದು ಸೆಕೆಂಡು. ಬುಧವಾರ ಬೆಳಿಗ್ಗೆ ಗುಂಡಿಯ ಮೇಲೆ ಬೆರಳಿಟ್ಟೂ ಆಗಿತ್ತು. ಕಿಟಕಿಯ ಕಡೆಯಿಂದ ಪೇಪರ್ ಮಡಚಿದ ಸದ್ದು ಬಂತು. ಕೈ ತೆಗೆದೆ.

ಅಷ್ಟರಲ್ಲಿ ಡಾಕ್ಟರ ಫೋನ್ ಎರಡು ಸಲ ಬಂದಿತ್ತು, ಬರಹ ಎಲ್ಲಿಗೆ ಬಂತು ಅಂತ. ಸರಿ, ಕೂತು ಬರೆಯತೊಡಗಿದೆ. ಮೊದಲನೆಯ ವಾಚು: ಗುಂಡಿ ಮೆತ್ತಗಿದೆ, ಮೂರು ಒತ್ತಿಗೂ ಒಂದೇ ತೂಕ, ಓಡಲು ಶುರುವಾಗುವಾಗ ಮುಳ್ಳು ಸ್ವಲ್ಪ ಜಿಗಿಯುತ್ತದೆ. ಎರಡನೆಯದು: ಗುಂಡಿ ಬಿಗಿ, ನಿಲ್ಲಿಸುವಾಗ ಇನ್ನೂ ಬಿಗಿ, ಆದರೆ ಮುಳ್ಳು ಅಲುಗದೆ ಹೊರಡುತ್ತದೆ, ಓಟ ಅಳೆಯುವವರು ಕೊಳ್ಳಬೇಕಾದದ್ದು ಇದನ್ನೇ. ಮೊದಲನೆಯದರ ಡಯಲ್ ಇಡೀ ಕಪ್ಪು, ಲಾಕರಿನ ಕತ್ತಲಲ್ಲಿ ಬಣ್ಣ ಕೆಟ್ಟಿಲ್ಲ. ಎರಡನೆಯದರ ಡಯಲ್ ಕಪ್ಪು ಹೋಗಿ ಕಾಫಿಯ ಬಣ್ಣಕ್ಕೆ ತಿರುಗಿದೆ, ಕಿಟಕಿಯ ಎದುರಿನ ಬೀರುವಿನಲ್ಲಿ ವರ್ಷಗಟ್ಟಲೆ ಬಿಸಿಲು ಬಿದ್ದದ್ದರಿಂದ.

ಅಲ್ಲಿಗೆ ಪೆನ್ನು ನಿಂತಿತು. ಬಿಸಿಲು ಬಿದ್ದದ್ದರಿಂದ. ಬಿಸಿಲು ಬೀಳದ ಜಾಗವೂ ಇರಬೇಕಲ್ಲ? ಹತ್ತೊಂಬತ್ತು ವರ್ಷ ಮುಳ್ಳು ಅಲುಗದೆ ಒಂದೇ ಕಡೆ ನಿಂತಿದ್ದರೆ ಅದರ ಅಡಿಯ ಕಪ್ಪು ಕಪ್ಪಾಗಿಯೇ ಉಳಿದಿರಬೇಕು. ಗೋಡೆಯ ಮೇಲಿನ ಹಳೇ ಪಟ ತೆಗೆದರೆ ಅದರ ಹಿಂದೆ ಬಣ್ಣ ಉಳಿದಿರುವುದಿಲ್ಲವೇ, ಹಾಗೆ. ವಾಚನ್ನು ಬೆಳಕಿಗೆ ಹಿಡಿದೆ. ಗಾಜಿನ ತುಂಬ ಗೀರು, ಮಂಜು ಮುಸುಕಿದ ಹಾಗಿತ್ತು. ಗಂಟೆಯ ಮುಳ್ಳಿನ ಅಗಲಕ್ಕೊಂದು ನೆರಳು ಇದ್ದಂತೆ ಕಂಡಿತು. ಓಟದ ಸೆಕೆಂಡಿನ ಮುಳ್ಳು ಕೂದಲೆಳೆಯಷ್ಟು ಸಣ್ಣದು, ಅದರ ಗುರುತು ಈ ಗಾಜಿನ ಮೂಲಕ ಕಾಣುವುದು ಸಾಧ್ಯವೇ ಇಲ್ಲ. ಗಾಜು ಕಳಚಬೇಕು. ಹಳೆಯ ಗಾಜು, ಸೀಳಿದರೂ ಸೀಳಬಹುದು. ಒಡೆಯರನ್ನು ಕೇಳದೆ ಒಮ್ಮೆ ಮುಟ್ಟಿ ಆಗಿತ್ತು, ಇನ್ನೊಮ್ಮೆ ಮುಟ್ಟುವ ಧೈರ್ಯ ನನಗಿರಲಿಲ್ಲ.

ಗುರುವಾರ ಮಧ್ಯಾಹ್ನ ಅವಳು ಬಂದಳು. ಎತ್ತರದ ತೆಳ್ಳಗಿನ ಹೆಂಗಸು, ಕಾಲಿಗೆ ಓಟದ ಬೂಟು. ಕುರ್ಚಿ ಕೊಟ್ಟರೆ ಕೂರಲಿಲ್ಲ. ನಾನೂ ಕೂರಲಿಲ್ಲ. ಮೇಜಿನ ಆಚೆಗೊಬ್ಬಳು ಈಚೆಗೊಬ್ಬಳು ನಿಂತೆವು, ಮಧ್ಯದಲ್ಲಿ ಡಬ್ಬಿ.

ಅವಳು ಡಬ್ಬಿಗೆ ಕೈ ಹಾಕುವ ಮುಂಚೆಯೇ ಹೇಳಿದೆ. "ಫೋನಲ್ಲಿ ನಿಮಗೆ ಸುಳ್ಳು ಹೇಳಿದ್ದೆ. ಸೋಮವಾರವೇ ಒತ್ತಿಬಿಟ್ಟಿದ್ದೆ. ಮುಳ್ಳು ಸೊನ್ನೆಯಲ್ಲಿದೆ."

ಅವಳು ಕೂಗಾಡುತ್ತಾಳೆ ಅಂದುಕೊಂಡಿದ್ದೆ. "ಎಷ್ಟಕ್ಕೆ ನಿಂತಿತ್ತು?" ಅಂದಳು.

"ನೋಡಲಿಲ್ಲ."

"ಒಂದು ಸಲ ಒತ್ತಿದ್ದಾ, ಎರಡು ಸಲಾನಾ?"

ಕೋಚಿನ ಮಗಳು. ಅವಳಿಗೆ ವಾಚು ಗೊತ್ತಿತ್ತು. "ಮೂರು ದಿನದಿಂದ ಅದನ್ನೇ ಯೋಚಿಸ್ತಿದ್ದೀನಮ್ಮ," ಅಂದೆ. "ಗೊತ್ತಿಲ್ಲ."

ಅವಳು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು, ತೆಗೆದಳು, ಮತ್ತೆ ಹಾಕಿಕೊಂಡಳು. "ಹತ್ತೊಂಬತ್ತು ವರ್ಷ ನಾನು ಅದರ ಹತ್ರಾನೂ ಸುಳಿಯಲಿಲ್ಲ," ಅಂದಳು. "ನೀವು ಬೇರೆ ಯಾರ ಹತ್ರಾನೋ ಮಾತಾಡ್ತಾ ಒತ್ತಿದ್ರಿ."

ಅದಕ್ಕಿಂತ ಕೆನ್ನೆಗೆ ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು. ನನಗೆ ಅಳು ಬಂತು. ಅಳುವ ಹಕ್ಕು ನನ್ನದಲ್ಲವೆಂದು ನುಂಗಿಕೊಂಡೆ. ಬಿಸಿಲಿನ ವಿಷಯ ಹೇಳಿದೆ. ಗುರುತು ಇರಬಹುದು, ಇಲ್ಲದೆಯೂ ಇರಬಹುದು, ಗಾಜು ಸೀಳಬಹುದು, ಏನು ಕಂಡರೂ ಕಂಡಷ್ಟನ್ನೇ ಹೇಳುತ್ತೇನೆ ಅಂದೆ. ಅವಳು ಡಬ್ಬಿಯನ್ನು ನನ್ನ ಕಡೆಗೆ ದೂಡಿದಳು.

"ತೆಗೀರಿ," ಅಂದಳು.

ಗಾಜನ್ನು ಸುತ್ತಲಿಂದ ಹಿಡಿದು ಒತ್ತಿ ಎತ್ತುವ ಒಂದು ಸಾಧನವಿದೆ, ಹಿಡಿಯನ್ನು ತಿರುಗಿಸಿದಷ್ಟೂ ಅದರ ಹಲ್ಲುಗಳು ಬಿಗಿಯಾಗುತ್ತವೆ. ಒಂದೊಂದು ಕೂದಲಿನಷ್ಟು ತಿರುಗಿಸುತ್ತಾ ಹೋದೆ. ಅವಳು ಅಂಗಡಿಯಲ್ಲಿ ಬಾಗಿಲಿಂದ ಬೀರುವಿಗೆ, ಬೀರುವಿನಿಂದ ಬಾಗಿಲಿಗೆ ನಡೆಯುತ್ತಾ ಮಾತಾಡುತ್ತಿದ್ದಳು, ನನ್ನ ಹತ್ತಿರವೋ ಮಾವನ ಹತ್ತಿರವೋ ತಿಳಿಯದು.

"ಅವತ್ತು ಬೆಳಿಗ್ಗೆ ಜಗಳ ಆಡಿದ್ದೆ. ನೀವು ಒಂದು ದಿನಾನಾದ್ರೂ ನಾನು ಓಡೋದನ್ನ ನೋಡಿದ್ದೀರಾ ಅಪ್ಪ, ಅಂದೆ. ಯಾವಾಗ ನೋಡಿದ್ರೂ ಬಗ್ಗಿಕೊಂಡು ಆ ವಾಚನ್ನೇ ನೋಡ್ತೀರಿ, ನಾನು ಬಿದ್ದರೂ ಎಷ್ಟು ಸೆಕೆಂಡಿಗೆ ಬಿದ್ದೆ ಅಂತ ಹೇಳ್ತೀರಿ, ಅಂದೆ. ಅಪ್ಪ ಬೂಟಿನ ದಾರ ಬಿಗಿಯಾಗಿ ಕಟ್ಕೋ ಅಂದ್ರು."

"ವಾಚು ನೋಡದಿದ್ರೆ ನಿಲ್ಲಿಸೋದು ಹೇಗಮ್ಮ," ಎಂದರು ಮಾವ.

"ಅದೇ. ಅಪ್ಪ ಅರ್ಧ ಸೆಕೆಂಡು ತಪ್ಪಿದ್ದನ್ನ ನಾನು ಕಂಡಿಲ್ಲ."

ಗಾಜು ಸಣ್ಣ ಸದ್ದು ಮಾಡಿ ಎದ್ದು ಬಂತು, ಸೀಳಲಿಲ್ಲ. ಮಸೂರ ಹಾಕಿಕೊಂಡು ಸಣ್ಣ ಟಾರ್ಚನ್ನು ಪಕ್ಕದಿಂದ ಹಿಡಿದೆ. ಕಾಫಿ ಬಣ್ಣದ ಡಯಲಿನ ಮೇಲೆ ಎರಡು ಅಗಲದ ಕಪ್ಪು ಗುರುತು, ಗಂಟೆಯದೂ ನಿಮಿಷದ್ದೂ. ಅಂಚಿನ ಉದ್ದಕ್ಕೂ ಹುಡುಕಿದೆ. ನನ್ನ ಉಸಿರಿಗೆ ಮಸೂರ ಮಸುಕಾಯಿತು, ಒರೆಸಿ ಮತ್ತೆ ಹುಡುಕಿದೆ. ಆಗ ಕಂಡಿತು: ಪೆನ್ಸಿಲಿನಲ್ಲಿ ಎಳೆದಷ್ಟು ಸಣ್ಣ ಕಪ್ಪು ಗೆರೆ. ಓಟದ ನಿಮಿಷ ಎಣಿಸುವ ಪುಟ್ಟ ವೃತ್ತದಲ್ಲಿ ಇನ್ನೊಂದು ಪುಟಾಣಿ ಗೆರೆ, ಎರಡನ್ನು ದಾಟಿ ಸ್ವಲ್ಪ ಮುಂದೆ.

ನನ್ನ ಕಣ್ಣನ್ನೂ ನಾನು ನಂಬಲಿಲ್ಲ. ಏನನ್ನೂ ಹೇಳದೆ ವಾಚನ್ನು ಮಾವನ ಮುಂದೆ ಹಿಡಿದೆ. ಅವರು ನಡುಗುವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ, ಬಹಳ ಹೊತ್ತು ನೋಡಿದರು.

"ಎರಡು ನಿಮಿಷ," ಅಂದರು. "ಹದಿನಾಲ್ಕು ಸೆಕೆಂಡು."

ನನಗೆ ಕಂಡದ್ದೂ ಅದೇ.

"ಹನ್ನೊಂದಲ್ವಾ?" ಅಂದಳು ಅವಳು.

"ಹದಿನಾಲ್ಕು," ಅಂದೆ. ಹನ್ನೊಂದು ಅನ್ನಬೇಕೆಂದು ನಾಲಿಗೆ ತುರಿಸಿತು. "ನೀವೇ ನೋಡಿ."

ಮಸೂರ ಹಿಡಿಯಲು ಅವಳಿಗೆ ಬರುತ್ತಿರಲಿಲ್ಲ, ನಾನೇ ಅವಳ ಕಣ್ಣಿಗೆ ಹಿಡಿದೆ. ನೋಡಿದಳು. ಮತ್ತೆ ನೋಡಿದಳು. ಅಂಗಡಿಯಲ್ಲಿ ಅಡ್ಡಾಡುತ್ತಿದ್ದ ಅವಳ ಕಾಲುಗಳು ಈಗ ನಿಂತಿದ್ದವು.

"ಬೀಳುವಾಗ ಬೆರಳು ತಾನಾಗೇ ಒತ್ತಿರಬಹುದಾ?" ಎಂದು ಕೇಳಿದಳು.

ಮಾವ ನನ್ನ ಮುಖ ನೋಡಿದರು. "ಇರಬಹುದು," ಅಂದೆ. ಇನ್ನೊಂದು ಸುಳ್ಳು ನನ್ನ ಕೈಲಿ ಆಗುತ್ತಿರಲಿಲ್ಲ. "ಆದ್ರೆ ಬಿದ್ದಿದ್ದು ನೀವು ದಾಟಿದ ಮೇಲೆ. ಅಷ್ಟಂತೂ ಖಂಡಿತ."

"ಮೂರು ಸೆಕೆಂಡು ಆದ ಮೇಲೆ."

"ಹೌದು."

"ಗೆರೆ ದಾಟಿದಾಗ ನಿಂತಿದ್ರು. ಕೈಯಲ್ಲಿ ವಾಚಿತ್ತು. ಆದ್ರೂ ಒತ್ತಲಿಲ್ಲ." ಅವಳು ಬೆರಳಿನಲ್ಲಿ ಲೆಕ್ಕ ಹಾಕುವವಳ ಹಾಗೆ ನಿಧಾನವಾಗಿ ಹೇಳಿದಳು. "ಅರ್ಧ ಸೆಕೆಂಡು ತಪ್ಪದವರು ಮೂರು ಸೆಕೆಂಡು ಮರೆತುಬಿಟ್ಟಿದ್ರು." ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತಳು. "ಅವತ್ತು ಅಪ್ಪ ವಾಚು ನೋಡಲಿಲ್ಲ. ನನ್ನನ್ನ ನೋಡ್ತಿದ್ರು."

ಅವಳು ಅತ್ತಳು. ನಾನೂ ಅತ್ತೆ, ಈ ಸಲ ಹಕ್ಕಿನ ಪ್ರಶ್ನೆ ಎತ್ತದೆ. ಮಾವ ಪೇಪರನ್ನು ಮುಖಕ್ಕೆ ಹಿಡಿದರು, ಅದು ತಲೆಕೆಳಗಾಗಿತ್ತು.

ಅವಳು ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿ, ವಾಚು ಮಾರಾಟಕ್ಕಿಲ್ಲ, ಮನೆಗೆ ಬಂದು ಹೇಳ್ತೀನಿ ಅಂದಳು. ನಾನು ಡಾಕ್ಟರಿಗೆ ಫೋನ್ ಮಾಡಿ, ಮೊದಲನೆಯದನ್ನೇ ತೆಗೆದುಕೊಳ್ಳಿ ಸಾರ್ ಅಂದೆ. "ಎರಡನೇದಕ್ಕೆ ಏನಾಯ್ತು?" ಅಂದರು. "ಅದರ ಡಯಲಿನಲ್ಲಿ ಒಂದು ಗೆರೆ ಇದೆ," ಅಂದೆ. ಹಾಗಾದರೆ ಬೇಡ ಎಂದು ತಟ್ಟನೆ ಇಟ್ಟರು.

ಗಾಜನ್ನು ಒರೆಸಿ ಕೂರಿಸಿದೆ. ವಾಚನ್ನು ಅವಳ ಕೈಗೆ ಕೊಡುವಾಗ ಅವಳು, "ಮುಳ್ಳು ಮೊದಲಿದ್ದ ಜಾಗಕ್ಕೆ ಬರಬೇಕು," ಅಂದಳು.

"ನೀವೇ ಒತ್ತಿ," ಅಂದೆ. "ಈಗೊಂದು ಸಲ, ಎರಡು ಹದಿನಾಲ್ಕಕ್ಕೆ ಇನ್ನೊಂದು ಸಲ. ತಪ್ಪಿದ್ರೆ ಸೊನ್ನೆಯಿಂದ ಮತ್ತೆ ಮಾಡಬೇಕು."

ಅವಳು ಎದ್ದು ನಿಂತು ಒತ್ತಿದಳು. ಮುಳ್ಳು ಅಲುಗದೆ ಹೊರಟಿತು. ಮೂವರೂ ಅದರ ಮೇಲೆ ಬಗ್ಗಿದೆವು. ಒಂದು ನಿಮಿಷವಾಯಿತು, ಎರಡಾಯಿತು. ಮುಳ್ಳು ಹನ್ನೊಂದಕ್ಕೆ ಬಂದಾಗ ಅವಳ ಹೆಬ್ಬೆರಳು ಬಿಗಿಯಿತು, ಒತ್ತಲಿಲ್ಲ. "ದಾಟಿದೆ," ಅಂದಳು ಮೆಲ್ಲಗೆ. ಆಮೇಲಿನ ಮೂರು ಸೆಕೆಂಡು ನಾನು ಮುಳ್ಳನ್ನು ನೋಡಲಿಲ್ಲ, ಅವಳ ಮುಖ ನೋಡುತ್ತಿದ್ದೆ. ಇಷ್ಟು ವರ್ಷ ಗಡಿಯಾರದ ಮುಂದೆ ಕೂತವಳಿಗೆ ಮೂರು ಸೆಕೆಂಡು ಅಂದರೆ ಎಷ್ಟು ಹೊತ್ತು ಎಂದು ಅವತ್ತು ತಿಳಿಯಿತು.

ಅವಳು ಒತ್ತಿದಳು. ಮುಳ್ಳು ಹದಿನಾಲ್ಕರ ಮೇಲೆ ನಿಂತಿತು.

ಕಟ್ಟಿಕೊಡಲು ನಾನು ವಾಚಿನ ಕಡೆ ಕೈ ಚಾಚಿದೆ. ಅಷ್ಟರಲ್ಲಿ ಕುರ್ಚಿಗೆ ಮರಳಿದ್ದ ಮಾವ ಪೇಪರಿನ ಹಿಂದಿನಿಂದ, "ಮುಟ್ಟಬೇಡ," ಅಂದರು. ಕೈ ಹಿಂದಕ್ಕೆ ತೆಗೆದುಕೊಂಡೆ. ಡಬ್ಬಿಯನ್ನು ಅವಳೇ ಕಟ್ಟಿಕೊಂಡಳು.